ದೋಣಿಯ ಮುಂದಿನ ಸೀಟು

ಸೂಜಿಯಕ್ಕನ ಕಾಲರಿನಲ್ಲಿ ಯಾವಾಗಲೂ ಒಂದು ದಪ್ಪ ಸೂಜಿ ಚುಚ್ಚಿಕೊಂಡಿರುತ್ತದೆ, ಅದರ ಬಾಲಕ್ಕೆ ಮೇಣ ಹಚ್ಚಿದ ದಾರ. ಸರೋವರದ ದಡದ ಶೆಡ್ಡಿನಲ್ಲಿ ಹರಿದ ಟೆಂಟು, ಪಟ್ಟಿ ಕಿತ್ತುಹೋದ ಬೆನ್ನಚೀಲ, ಝಿಪ್ಪು ಹಲ್ಲು ಕಿರಿದ ಮಲಗುಚೀಲ ಎಲ್ಲ ಅವಳ ಕೈಗೇ ಬರುತ್ತವೆ. ಹೆಸರು ಬಂದದ್ದು ಆ ಸೂಜಿಯಿಂದ ಎಂದು ದೋಣಿ ಬಾಡಿಗೆಗೆ ಬರುವವರು ತಿಳಿದಿದ್ದಾರೆ. ನಾಲಿಗೆಯಿಂದ ಬಂದದ್ದು ಎಂದು ಮನೆಯವರು ಹೇಳುತ್ತಾರೆ.

ಶೆಡ್ಡಿನ ಹತ್ತಿರ ರಸ್ತೆ ಮುಗಿಯುತ್ತದೆ. ಅಲ್ಲಿಂದ ಮುಂದೆ ನೀರು, ದ್ವೀಪಗಳು, ಕಾಡು. ಕರೆಂಟಿನ ಕಂಬವಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಬೇಸಿಗೆಯಲ್ಲಿ ಊರುಗಳಿಂದ ಜನ ಬರುತ್ತಾರೆ. ಎರಡೂ ತುದಿ ಚೂಪಾದ, ಉದ್ದನೆಯ ಹಗುರ ದೋಣಿಗಳಲ್ಲಿ ಇಬ್ಬಿಬ್ಬರಂತೆ ಕೂತು, ನಡುವೆ ಸಾಮಾನು ಹೇರಿಕೊಂಡು, ಹುಟ್ಟು ಹಾಕುತ್ತ ಹೋಗುತ್ತಾರೆ. ದಡದಲ್ಲಿ ಟೆಂಟು ಹಾಕಿ ಕೆಲವು ದಿನ ಕಳೆದು, ಮೈಕೈ ನೋವು ಮತ್ತು ಸೊಳ್ಳೆಯ ಗಂಧೆಗಳೊಂದಿಗೆ ಬಹಳ ಖುಷಿಯಾಗಿ ವಾಪಸಾಗುತ್ತಾರೆ. ಅವರನ್ನು ಕರೆದೊಯ್ಯುವವನು ಸೂಜಿಯಕ್ಕನ ಗಂಡ. ಎಲ್ಲರೂ ಅವನನ್ನು ಕ್ಯಾಪ್ಟನ್ ಅನ್ನುತ್ತಾರೆ. "ಇಬ್ಬರು ಕೂರೋ ದೋಣಿಗೂ ಒಬ್ಬ ಕ್ಯಾಪ್ಟನ್ ಬೇಕಾ?" ಎಂದು ಮದುವೆಯಾದ ಹೊಸದರಲ್ಲಿ ಅವಳು ನಗುತ್ತಿದ್ದಳು. ಈಗ ಅವಳೂ ಹಾಗೇ ಕರೆಯುತ್ತಾಳೆ.

ಸೀಸನ್ನಿನಲ್ಲಿ ಅವಳು ನೀರಿಗಿಳಿಯುವ ಪ್ರಶ್ನೆಯೇ ಇಲ್ಲ. ಲೈಫ್ ಜಾಕೆಟ್ ಎಣಿಸಬೇಕು, ಊಟದ ಸಾಮಾನಿನ ಡ್ರಮ್ಮುಗಳಿಗೆ ನೀರು ಹೋಗದಂತೆ ಮುಚ್ಚಳ ಬಿಗಿಯಬೇಕು, ಒದ್ದೆ ಟೆಂಟುಗಳನ್ನು ಒಣಗಿಸಬೇಕು. ಅವಳ ಪಾಲಿಗೆ ವರ್ಷಕ್ಕೆ ಒಂದೇ ಪ್ರವಾಸ. ಕೊನೆಯ ಗಿರಾಕಿ ಹೋದ ಮೇಲೆ, ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುವ ಮೊದಲು, ಬಿಡಾರದ ಜಾಗಗಳಲ್ಲಿ ಕಟ್ಟಿದ ಟಾರ್ಪಾಲುಗಳನ್ನು ಬಿಚ್ಚಿ ತರಲು ಗಂಡ ಹೆಂಡತಿ ಇಬ್ಬರೇ ಹೋಗುತ್ತಾರೆ. ಅವನು ಹಿಂದಿನ ಸೀಟಿನಲ್ಲಿ, ಅವಳು ಮುಂದಿನ ಸೀಟಿನಲ್ಲಿ.

ಈ ಎರಡು ಸೀಟುಗಳ ಕೆಲಸ ಬೇರೆ ಬೇರೆ. ಮುಂದೆ ಕೂತವರು ಲಯ ಹಿಡಿಯುತ್ತಾರೆ. ಹಿಂದೆ ಕೂತವರು ಆ ಲಯಕ್ಕೆ ತಮ್ಮ ಹುಟ್ಟನ್ನು ಸೇರಿಸುತ್ತ ದಿಕ್ಕು ನೋಡಿಕೊಳ್ಳುತ್ತಾರೆ. ಅಂದರೆ ದಾರಿ ಗಂಡನದು, ತಾಳ ಹೆಂಡತಿಯದು. ಮನೆಯಲ್ಲಿ ಎರಡೂ ಹೆಂಡತಿಯದೇ ಎಂದು ಕ್ಯಾಪ್ಟನ್ ದೂರುವುದುಂಟು.

ಆ ವರ್ಷ ಸೀಸನ್ ಶುರುವಾಗುವಾಗಲೇ ಶೆಡ್ಡಿನ ಅಟ್ಟಣಿಗೆಯಿಂದ ದೋಣಿ ಇಳಿಸಲು ಹೋಗಿ ಸೂಜಿಯಕ್ಕ ಬಲಭುಜ ಉಳುಕಿಸಿಕೊಂಡಳು. ಕೆಲವು ವಾರ ಭಾರ ಎತ್ತಬೇಡಿ ಎಂದರು ಡಾಕ್ಟರು. ಮನೆಯಲ್ಲಿದ್ದ ಸಂಜೆಗಳಲ್ಲಿ ಕ್ಯಾಪ್ಟನ್ ಮುಲಾಮು ತಿಕ್ಕತೊಡಗಿದ. ಸೀಸನ್ನಿನಲ್ಲಿ ತಟ್ಟೆಯ ಮುಂದೆಯೇ ತೂಕಡಿಸುವ ಮನುಷ್ಯ ಮುಲಾಮಿನ ನೆಪದಲ್ಲಿ ಎದ್ದು ಕೂತು, ಯಾರು ನೀರಿಗೆ ಬಿದ್ದರು, ಯಾರು ಉಪ್ಪು ಮರೆತು ಬಂದು ಪಕ್ಕದ ಟೆಂಟಿನವರ ಕಾಲು ಹಿಡಿದರು, ಎಲ್ಲ ಹೇಳುತ್ತಿದ್ದ. ಭುಜ ಡಾಕ್ಟರು ಹೇಳಿದ ಅವಧಿಗೇ ವಾಸಿಯಾಯಿತು. ಅವಳು ಹೇಳಲಿಲ್ಲ. ಅವನ ಹೆಬ್ಬೆರಳು ಸರಿಯಾದ ಜಾಗಕ್ಕೆ ಬಂದಾಗ "ಅಬ್ಬಾ" ಎನ್ನುವುದನ್ನು ಮಾತ್ರ ಮುಂದುವರಿಸಿದಳು.

ಅದೇ ಬೇಸಿಗೆಯಲ್ಲಿ ನಾದಿನಿ ಬಂದಳು. ಪೇಟೆಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಕೊಳ ರಿಪೇರಿಗೆಂದು ಮುಚ್ಚಿದ್ದರಿಂದ ಅಣ್ಣನಿಗೆ ನೆರವಾಗಲು ಬಂದಿದ್ದಳು. ನಲವತ್ತು ದಾಟಿದ್ದರೂ ಅಣ್ಣನ ಬಾಯಲ್ಲಿ ಇನ್ನೂ ಪುಟ್ಟಿ. ಇಬ್ಬರೂ ಇದೇ ನೀರಿನ ಮೇಲೆ ಬೆಳೆದವರು.

ಸುದ್ದಿ ಮೊದಲು ತಂದದ್ದು ಟೆಂಟು ವಾಪಸು ಕೊಡಲು ಬಂದ ಒಬ್ಬ ಗಿರಾಕಿ.

"ಅಕ್ಕಾ, ಅಣ್ಣ ತಂಗಿ ಒಂದೇ ದೋಣೀಲಿ ಕೂತ್ರೆ ನೋಡ್ಬೇಕು! ಒಂದು ಮಾತಿಲ್ಲ. ಎರಡು ಹುಟ್ಟು, ಒಂದೇ ಸದ್ದು."

"ಮಾತಿಲ್ಲ ಅಂದ್ರೆ ಜಗಳ ಆಡಿರ್ಬೇಕು," ಎಂದಳು ಸೂಜಿಯಕ್ಕ. "ಟೆಂಟಿನ ಗೂಟ ಎಲ್ಲಿ? ಅದನ್ನೂ ನೋಡ್ತಾ ಅಲ್ಲೇ ಬಿಟ್ಟು ಬಂದ್ರಾ?"

ಆದರೆ ಮಾತು ಒಳಗೆ ಹೋಗಿ ಕೂತಿತು. ತಾನು ಮುಂದೆ ಕೂತಾಗ ಹುಟ್ಟು ಎಡದಿಂದ ಬಲಕ್ಕೆ ಬದಲಿಸಬೇಕಾದಾಗಲೆಲ್ಲ ಅವನು "ಬದಲು!" ಎಂದು ಕೂಗಬೇಕು. ಇಷ್ಟು ವರ್ಷವಾದರೂ. ತಂಗಿಗೆ ಕೂಗುವುದೇ ಬೇಡವಂತೆ. ಅಂದು ಮಧ್ಯಾಹ್ನ ಶೆಡ್ಡು ಖಾಲಿಯಾದ ಮೇಲೆ ಅವಳು ಬೆಂಚಿನ ಮೇಲೆ ಕೂತು ಗಾಳಿಯಲ್ಲೇ ಹುಟ್ಟು ಹಾಕಿದಳು. ಎಡ, ಎಡ, ಎಡ, ಬಲ. ನೇತುಹಾಕಿದ್ದ ಟೆಂಟಿಗೆ ಹುಟ್ಟು ಸಿಕ್ಕಿ ಇನ್ನೊಂದು ಹರಕು ಹೊಲಿಯುವ ಕೆಲಸ ಬಂತು. ರಾತ್ರಿಯ ಅಡುಗೆಯಲ್ಲಿ ಖಾರ ಹೆಚ್ಚಾಗಿತ್ತು. ನಾದಿನಿ ಕಣ್ಣೀರು ಒರೆಸಿಕೊಳ್ಳುತ್ತ, "ಅತ್ತಿಗೆ ಕೈರುಚಿಯೇ ರುಚಿ," ಎಂದು ಇನ್ನೊಮ್ಮೆ ಬಡಿಸಿಕೊಂಡಳು. ಸಿಟ್ಟು ಮಾಡಿಕೊಳ್ಳಲಿಕ್ಕೂ ಬಾರದ ಹೆಂಗಸು!

ಕೊನೆಯ ಗಿರಾಕಿಯ ಕಾರು ತಿರುವು ದಾಟಿದ ದಿನ ಕ್ಯಾಪ್ಟನ್ ಟಾರ್ಪಾಲಿನ ಹಗ್ಗ ಸುತ್ತುತ್ತ ಹೇಳಿದ, "ಈ ಸಲ ಮುಂದೆ ಪುಟ್ಟಿ ಕೂತ್ಕೊಳ್ಳಲಿ. ನೀನು ಮನೇಲಿರು. ಆ ಭುಜ ಇಟ್ಕೊಂಡು ಬರೋದು ಬೇಡ."

"ಈಗ ಅಷ್ಟೇನೂ ನೋವಿಲ್ಲ ರೀ."

"ನಿನ್ನೆ ತಾನೇ ಅಬ್ಬಾ ಅಂತಿದ್ಯಲ್ಲ?"

ನಿಜ ಹೇಳಿದರೆ ಮುಲಾಮು ಹೋಗುತ್ತದೆ, ಸುಳ್ಳಿಯೆಂಬ ಹೆಸರೂ ಬರುತ್ತದೆ. ಹೇಳದಿದ್ದರೆ ಸೀಟು ಹೋಗುತ್ತದೆ. ಕೊನೆಗೆ, "ಟಾರ್ಪಾಲು ಹರಿದಿದ್ರೆ ಅಲ್ಲೇ ಹೊಲೀಬೇಕು, ಮಡಚಿದ್ರೆ ಇನ್ನೂ ಹರಿಯುತ್ತೆ. ನಾನೂ ಬರ್ತೀನಿ," ಎಂದಳು.

"ಎಲ್ಲಿ ಕೂತ್ಕೊಳ್ತೀಯ?"

"ಸಾಮಾನಿನ ಜೊತೆ."

ಹಾಗೆ ಅವಳು ದೋಣಿಯ ನಡುವೆ, ಸುತ್ತಿದ ಟೆಂಟಿನ ಮೇಲೆ ಕೂತಳು. ಕಾಲು ಚಾಚಲು ಹಿಂದಕ್ಕೆ ಮುಖ ಮಾಡಿ ಕೂರಬೇಕಾಯಿತು. ಬೆನ್ನ ಹಿಂದೆ ನಾದಿನಿ, ಎದುರಿಗೆ ಗಂಡ.

ಹುಟ್ಟು ಹಾಕುವಾಗಿನ ಗಂಡನ ಮುಖವನ್ನು ಅವಳು ಅದುವರೆಗೆ ನೋಡಿರಲಿಲ್ಲ. ನೋಡುವುದು ಹೇಗೆ? ಮುಂದೆ ಕೂತವರಿಗೆ ಕಾಣುವುದು ನೀರು ಮಾತ್ರ, ತಿರುಗಿದರೆ ದೋಣಿ ವಾಲುತ್ತದೆ. ದಿಕ್ಕು ಹಿಡಿಯುವವನ ಕಣ್ಣು ಆಚೆ ದಡದ ಮೇಲಿರುತ್ತದೆ ಎಂದು ಅವಳು ತಿಳಿದಿದ್ದಳು. ಹಾಗಿರಲಿಲ್ಲ. ಆಗೊಮ್ಮೆ ಈಗೊಮ್ಮೆ ದಡ ನೋಡಿ, ಉಳಿದ ಹೊತ್ತೆಲ್ಲ ಅವನು ಮುಂದಿನವಳ ಭುಜವನ್ನೇ ನೋಡುತ್ತಿದ್ದ. ಆ ಭುಜ ಏಳುವ ಕ್ಷಣಕ್ಕೆ ಅವನ ತುಟಿ ಸ್ವಲ್ಪ ಬಿಗಿಯುತ್ತಿತ್ತು, ಇಳಿದಾಗ ಸಡಿಲವಾಗುತ್ತಿತ್ತು. ಉಸಿರು ಕೂಡ ಅದೇ ಲೆಕ್ಕದಲ್ಲಿ. ಸೂಜಿಗೆ ದಾರ ಪೋಣಿಸುವಾಗ ತಾನು ಸೂಜಿಯ ಕಣ್ಣನ್ನು ನೋಡುವಷ್ಟು ಗಮನ.

ಹಾಗಾದರೆ ಇಷ್ಟು ವರ್ಷ ತನ್ನ ಬೆನ್ನ ಹಿಂದೆ ಇದು ನಡೆಯುತ್ತಿತ್ತು. ಅದು ತನ್ನದಾಗಿತ್ತು ಎಂದು ತಿಳಿಯುವ ಹೊತ್ತಿಗೆ ಅದು ನಾದಿನಿಯ ಭುಜದ ಮೇಲಿತ್ತು. ಅಣ್ಣ ತಂಗಿಯ ನಡುವೆ ಕೂತು ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ನಾಚಿಕೆಗೇಡು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಕಿಚ್ಚೇನೂ ಕಡಿಮೆಯಾಗಲಿಲ್ಲ.

"ಏನು ಹಾಗೆ ನೋಡ್ತಿದೀಯ? ನನ್ನ ಮೂಗಿನ ಮೇಲೆ ನೊಣ ಕೂತಿದ್ಯಾ?" ಎಂದ ಕ್ಯಾಪ್ಟನ್.

"ನೊಣಕ್ಕೆ ಬೇರೆ ಜಾಗ ಇಲ್ವಾ," ಎಂದಳು.

ಸರೋವರ ಒಂದು ಕಡೆ ಕಿರಿದಾಗಿ ಬಂಡೆಗಳ ನಡುವೆ ನೊರೆಯಾಗಿ ಇಳಿಯುತ್ತದೆ. ಅಲ್ಲಿ ದೋಣಿಯನ್ನು ನೀರಿಂದೆತ್ತಿ ಕಾಡಿನ ಕಾಲುದಾರಿಯಲ್ಲಿ ಹೊತ್ತು ಆಚೆ ದಾಟಿಸಬೇಕು. ಪ್ರತಿವರ್ಷ ದೋಣಿ ಕ್ಯಾಪ್ಟನ್ನನ ಹೆಗಲಿಗೆ, ಡ್ರಮ್ಮು ಸೂಜಿಯಕ್ಕನ ಬೆನ್ನಿಗೆ. ಈ ಸಲ ನಾದಿನಿ ಹೊಸ ಏರ್ಪಾಟು ಮಾಡಿದಳು.

"ಅಣ್ಣಾ, ಮೊದಲು ನಾವಿಬ್ಬರೂ ಸಾಮಾನು ದಾಟಿಸಿ ಬರೋಣ. ಆಮೇಲೆ ದೋಣಿ. ಅತ್ತಿಗೆ, ನೀವು ಈ ಬಂಡೆ ಮೇಲೆ ಆರಾಮಾಗಿ ಕೂತಿರಿ. ಬರೋವಾಗ ಹುಟ್ಟು ಹಿಡ್ಕೊಂಡು ಬನ್ನಿ. ಒಂದೇ ಸಾಕು, ಎರಡು ಬೇಡ. ಭುಜ ನೋಡ್ಕೊಳ್ಳಿ."

ಅದರಲ್ಲಿ ಕೊಂಕು ಇರಲಿಲ್ಲ, ನಿಜವಾದ ಕಾಳಜಿ ಇತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಅವರು ಡ್ರಮ್ಮು, ಟೆಂಟು ಹೊತ್ತು ಹೊರಟರು. ಸೂಜಿಯಕ್ಕ ಬಂಡೆಯ ಮೇಲೆ ಕೂರಲಿಲ್ಲ. ಬಗ್ಗಿ ದೋಣಿಯ ಅಂಚು ಹಿಡಿದು ತೊಡೆಯ ಮೇಲಕ್ಕೆಳೆದುಕೊಂಡಳು. ಆಚೆ ಅಂಚಿಗೆ ಕೈ ಹಾಕಿ, ಮೊಣಕಾಲಿನಿಂದ ಒಮ್ಮೆ ನೂಕಿ ಮೇಲಕ್ಕೆ ಮಗುಚಿದಳು. ದೋಣಿಯ ನಡುವಿನ ಅಡ್ಡಪಟ್ಟಿ ಎರಡು ಹೆಗಲ ಮೇಲೆ ಬಂದು ಕೂತಿತು. ಇಪ್ಪತ್ತೈದು ಕಿಲೋ ಅಕ್ಕಿ ಚೀಲಕ್ಕಿಂತ ಸ್ವಲ್ಪ ಹೆಚ್ಚಿನ ಭಾರ. ಸಿಟ್ಟಿನಲ್ಲಿ ಅದೂ ತಿಳಿಯಲಿಲ್ಲ. ತಲೆಯ ಮೇಲೆ ಬೋರಲು ದೋಣಿ, ಕಣ್ಣಿಗೆ ಕಾಣುವುದು ತನ್ನ ಪಾದ ಮಾತ್ರ. ನಡೆದಳು.

"ಒಂದೇ ಸಾಕಂತೆ, ಎರಡು ಬೇಡವಂತೆ! ನಾನೇನು ಕೈಗೂಸಾ? ಪುಟ್ಟಿಯಂತೆ ಪುಟ್ಟಿ! ನಲವತ್ತು ವರ್ಷದ ಪುಟ್ಟಿ! ಈ ಮನುಷ್ಯನೋ, ಅವಳ ಭುಜಾನೇ ನೋಡ್ತಾ ಕೂತಿದ್ದಾನೆ, ಇಲ್ಲಿ ಹೆಂಡತಿ ಸಾಮಾನಾಗಿ ಕೂತಿದ್ದಾಳೆ ಅನ್ನೋ ಜ್ಞಾನ ಇಲ್ಲ. ವರ್ಷಕ್ಕೊಂದು ಸಲ, ಒಂದೇ ಒಂದು ಸಲ..."

ಅವಳು ಗೊಣಗಿಕೊಂಡದ್ದು ತನ್ನಷ್ಟಕ್ಕೇ. ಆದರೆ ಬೋರಲು ದೋಣಿಯ ಪೊಳ್ಳು ಒಡಲು ಪಿಸುಮಾತನ್ನೂ ದೊಡ್ಡದು ಮಾಡುತ್ತದೆ. ಡ್ರಮ್ಮು ಇಟ್ಟು ಮರಳಿ ಬರುತ್ತಿದ್ದ ಇಬ್ಬರು, ಕಾಡಿನೊಳಗಿಂದ ತಮ್ಮನ್ನು ಬೈಯುತ್ತ ನಡೆದು ಬರುತ್ತಿದ್ದ ದೋಣಿಯನ್ನು ಕಂಡು ದಾರಿಯ ಅಂಚಿಗೆ ಸರಿದು ನಿಂತರು. ದೋಣಿ ಅವರನ್ನು ದಾಟಿ ಹೋಯಿತು.

ಆಚೆ ದಡದಲ್ಲಿ ಅದನ್ನಿಳಿಸಿ ತಿರುಗಿದಾಗ ಇಬ್ಬರೂ ಹಿಂದೆಯೇ ನಿಂತಿದ್ದರು.

"ನೋಯ್ತಿದ್ದದ್ದು ಯಾವ ಭುಜ?" ಎಂದ ಕ್ಯಾಪ್ಟನ್.

ಅವಳು ಡ್ರಮ್ಮಿನ ಮೇಲೆ ಕೂತು ಬೆವರು ಒರೆಸಿಕೊಂಡಳು. ನಾದಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೈ ಸಂದಿಯಿಂದ ನಗು ಸೋರುತ್ತಿತ್ತು.

ಸಂಜೆ ಬಿಡಾರದಲ್ಲಿ ಬೆಂಕಿ ಊದುತ್ತ ಕ್ಯಾಪ್ಟನ್ ಮತ್ತೆ ಅದೇ ಮಾತು ತೆಗೆದ. "ಯಾವಾಗ ವಾಸಿ ಆಯ್ತು?"

"ಆಗಲೇ."

"ಅಂದ್ರೆ ಮುಲಾಮೆಲ್ಲ ಸುಮ್ನೆ ತಿಕ್ಕಿದ್ನಾ ನಾನು?"

"ಸುಮ್ನೆ ಅಲ್ಲ," ಎಂದಳು. ಮುಖ ಕೆಂಪಾದದ್ದು ಬೆಂಕಿಯ ಕಾವಿಗಿರಬಹುದು. "ನಿಮಗೆ ಆವಾಗ ಮಾತ್ರ ಬಾಯಿ ಬರ್ತಿತ್ತು."

ಅವನು ಕೊಳ್ಳಿಯೊಂದನ್ನು ಒಳಗೆ ನೂಕಿದ. ಅವಳೇ ಮುಂದುವರಿಸಿದಳು. "ನಂಗೆ ಮುಂದಿನ ಸೀಟು ಬೇಕು. ನಾನು ಬರೋದೇ ವರ್ಷಕ್ಕೊಂದು ಸಲ."

"ಅವಳು ನಿನಗಿಂತ ಚೆನ್ನಾಗಿ ಹುಟ್ಟು ಹಾಕ್ತಾಳೆ." ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ.

"ಗೊತ್ತು."

"ನಾಳೆ ಎದುರುಗಾಳಿ. ನಿಧಾನ ಆಗುತ್ತೆ."

"ಆಗಲಿ."

"ಅಯ್ಯೋ ಅತ್ತಿಗೆ," ಎಂದಳು ನಾದಿನಿ, "ಮೊದಲೇ ಹೇಳಬಾರದಿತ್ತಾ? ಆ ಇಕ್ಕಟ್ಟಲ್ಲಿ ಮಡಚಿ ಕೂತು ಕೂತು ನನ್ನ ಕಾಲು ಮರಗಟ್ಟಿ ಹೋಗಿದೆ. ಧಾರಾಳವಾಗಿ ಕೂತ್ಕೊಳ್ಳಿ!" ಪಕ್ಕದಲ್ಲಿದ್ದ ಹೊದಿಕೆ ದಾಟಿಸಿದಷ್ಟೇ ಸಲೀಸಾಗಿ ಹೇಳಿದಳು. ಯಾವುದಕ್ಕೆ ತಾನು ಬೇಸಿಗೆಯುದ್ದಕ್ಕೂ ಬೆಂದಿದ್ದಳೋ ಅದು ಇವಳಿಗೆ ಬೇಕಾಗಿಯೇ ಇರಲಿಲ್ಲ ಎಂದು ಸೂಜಿಯಕ್ಕನಿಗೆ ಇನ್ನಷ್ಟು ಉರಿಯಿತು. ಒಂದಿಷ್ಟು ಜಗಳವಾಡಿ ಬಿಟ್ಟುಕೊಟ್ಟಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಅವಳು ಮುಂದೆ ಕೂತಳು. ಕೈಯಲ್ಲಿ ಹುಟ್ಟು, ಎದುರಿಗೆ ಅಗಲ ನೀರು, ಗಾಳಿಗೆ ಸಣ್ಣ ಅಲೆ. ನಾದಿನಿ ಸುತ್ತಿದ ಟೆಂಟಿನ ಮೇಲೆ ಹಿಂದಕ್ಕೆ ಮುಖ ಮಾಡಿ ಕಾಲು ಚಾಚಿದಳು. ಸ್ವಲ್ಪ ದೂರ ಹೋಗುವುದರೊಳಗೆ ಬೆನ್ನ ಹಿಂದೆ ನಾದಿನಿ ಏನೋ ಹೇಳಿದಳು, ಕ್ಯಾಪ್ಟನ್ ಗೊಳ್ಳೆಂದು ನಕ್ಕ.

"ಏನದು?"

"ಏನಿಲ್ಲ ಅತ್ತಿಗೆ, ಹಳೇ ಕಥೆ."

ತಿರುಗುವ ಹಾಗಿಲ್ಲ. ಬೇಕೆಂದು ಕೇಳಿ ಪಡೆದ ಸೀಟಿನಲ್ಲಿ ಕೂತು ಅವಳಿಗೆ ಕಾಣುತ್ತಿದ್ದದ್ದು ನೀರು, ಬರೀ ನೀರು. ನಿನ್ನೆ ತಾನು ನೋಡಿದ ಆ ಮುಖದ ಎದುರಿಗೆ ಈಗ ನಾದಿನಿ ಕೂತಿದ್ದಾಳೆ, ಅದೂ ಬಿಟ್ಟಿಯಾಗಿ, ಕಾಲು ಚಾಚಿಕೊಂಡು. ಒಂದಷ್ಟು ಹೊತ್ತು ತಡೆದಳು. ಆಗಲಿಲ್ಲ.

"ಪುಟ್ಟೀ, ನಿಮ್ಮಣ್ಣ ಏನು ನೋಡ್ತಿದಾರೆ ಹೇಳು."

"ಇನ್ನೇನು ನೋಡ್ತಾನೆ, ಎದುರಿಗೇ ನಾನಿದ್ದೀನಲ್ಲ, ನನ್ನ ಚಂದ ನೋಡ್ತಿದಾನೆ!"

"ತಮಾಷೆ ಬೇಡ. ನಿಜ ಹೇಳು."

ನಾದಿನಿ ಟೆಂಟಿನ ಮೇಲೆ ಸರಿದು ಕೂತ ಸದ್ದಾಯಿತು. ಹುಟ್ಟಿನಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಮತ್ತೆ ಮಾತಾಡಿದಾಗ ಅವಳ ದನಿಯಲ್ಲಿ ನಗುವಿರಲಿಲ್ಲ.

"ನಿಮ್ಮ ಭುಜ ನೋಡ್ತಿದಾನೆ ಅತ್ತಿಗೆ. ಹೊರಟಾಗಿಂದ ಅದನ್ನೇ ನೋಡ್ತಿದಾನೆ. ನಗುವಾಗಲೂ ಕಣ್ಣು ತೆಗೀಲಿಲ್ಲ."

"ಬಾಯಿ ಮುಚ್ಕೊಂಡು ಕೂತ್ಕೋ ಪುಟ್ಟಿ, ಗಾಳಿ ಜೋರಾಗ್ತಿದೆ," ಎಂದ ಕ್ಯಾಪ್ಟನ್.

ಸೂಜಿಯಕ್ಕ ಹುಟ್ಟನ್ನು ಮೇಲೆತ್ತಿದವಳು ಇಳಿಸದೆ ಹಾಗೇ ಹಿಡಿದಳು, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ಹಿಂದೆ ಇನ್ನೊಂದು ಹುಟ್ಟೂ ನೀರಿಗಿಳಿಯದೆ ಕಾಯಿತು. ದೋಣಿ ನಿಧಾನವಾಯಿತು.

"ಸರಿ, ನೋಡಿದ್ದು ಸಾಕು. ನೀನಿನ್ನು ದಡ ನೋಡ್ಕೊ," ಎಂದು ನಾದಿನಿಗೆ ಹೇಳಿ ಅವಳು ಹುಟ್ಟನ್ನು ನೀರಿಗೆ ಹಾಕಿದಳು.