ಮಗಳಿಗೆ ಇಪ್ಪತ್ತೆರಡು, ಮಗನಿಗೆ ಹನ್ನೆರಡು

ನಮ್ಮ ಯಜಮಾನರಿಗೆ ಎನ್‌ಪಿವಿ ಅಂದರೇನು ಎಂದು ಹೇಳಿಕೊಟ್ಟವಳು ನಾನೇ. ಎರಡು ಸಾವಿರದ ದಶಕ ಆಗಷ್ಟೇ ಶುರುವಾಗಿತ್ತು. ಕೋಲಾರದ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆಂದು ಬಂದ ನಮ್ಮಪ್ಪ ಹೊಸೂರಿನ ಹತ್ತಿರದ ಅವಲಪಲ್ಲಿಯಲ್ಲಿ ಮನೆ ಮಾಡಿದ್ದರು. ನಾನು ಬಿ.ಕಾಂ. ಮುಗಿಸಿ, ಕಾಸ್ಟ್ ಅಕೌಂಟೆನ್ಸಿ ಪರೀಕ್ಷೆಗಳನ್ನು ಪಾಸು ಮಾಡಿ, ಹೊಸೂರಿನ ಒಂದು ಕಾರ್ಖಾನೆಯಲ್ಲಿ ಲೆಕ್ಕದ ಕೆಲಸಕ್ಕೆ ಸೇರಿದ್ದೆ. ಸ್ಕೂಟರು, ಮೋಟಾರ್ ಸೈಕಲ್ಲುಗಳಿಗೆ ಬೇಕಾದ ತಗಡಿನ ಬಿಡಿಭಾಗಗಳನ್ನು ಒತ್ತಿ ತೆಗೆಯುವ ಕಾರ್ಖಾನೆ ಅದು. ಯಜಮಾನರು ಬಾಗಲೂರು ಕಡೆಯ ರೈತರ ಮಗ. ಬಾಡಿಗೆ ಶೆಡ್ಡಿನಲ್ಲಿ ಎರಡು ಪ್ರೆಸ್ ಹಾಕಿ ಶುರುಮಾಡಿದವರು, ನಾನು ಸೇರುವ ಹೊತ್ತಿಗೆ ಮೂರು ಶೆಡ್ಡುಗಳ ಒಡೆಯರಾಗಿದ್ದರು. ತಮಿಳು ಕೆಲಸಗಾರರು ‘ಮುದಲಾಳಿ’ ಅನ್ನುತ್ತಿದ್ದರು, ನಾವು ಯಜಮಾನರು ಅನ್ನುತ್ತಿದ್ದೆವು. ಹೆದರಿಕೆ ಮಾತ್ರ ಎರಡೂ ಭಾಷೆಯಲ್ಲಿ ಒಂದೇ.

ಬ್ಯಾಂಕಿನವರು ಹೊಸ ಸಾಲಕ್ಕೆ ಎನ್‌ಪಿವಿ ಅಂದರೆ ನೆಟ್ ಪ್ರೆಸೆಂಟ್ ವ್ಯಾಲ್ಯೂ ಲೆಕ್ಕ ಕೇಳಿದ ದಿನ ಯಜಮಾನರು ನನ್ನನ್ನು ಕರೆದರು. ತಮ್ಮ ಮುಂದೆ ನನ್ನನ್ನು ಕೂರಿಸುತ್ತಿರಲಿಲ್ಲ. ನಿಂತೇ ಹೇಳಿದೆ.

“ಇವತ್ತು ಕೈಗೆ ಬರೋ ನೂರು ರೂಪಾಯಿ, ಐದು ವರ್ಷ ಆದ್ಮೇಲೆ ಬರೋ ನೂರು ರೂಪಾಯಿ ಒಂದೇ ಅಲ್ಲ ಸಾರ್.”

“ಇದು ನಮ್ಮಜ್ಜಿಗೂ ಗೊತ್ತಿತ್ತು. ಮುಂದಕ್ಕೇಳು.”

“ಅದಕ್ಕೇ ಮುಂದೆ ಬರೋ ದುಡ್ಡನ್ನೆಲ್ಲ ವರ್ಷಕ್ಕೆ ಇಂತಿಷ್ಟು ಪರ್ಸೆಂಟು ಅಂತ ಕುಗ್ಗಿಸಿ ಇವತ್ತಿನ ಬೆಲೆಗೆ ತರ್ತೀವಿ. ಎಷ್ಟು ದೂರದ ವರ್ಷವೋ ಅಷ್ಟು ಕುಗ್ಗುತ್ತೆ. ಆಮೇಲೆ ಎಲ್ಲಾ ಕೂಡಿ, ಇವತ್ತು ಹಾಕೋ ಬಂಡವಾಳ ಕಳೀತೀವಿ. ಉಳಿದ್ರೆ ಮಾಡ್ಬೋದು. ಮೈನಸ್ ಆದ್ರೆ ಬಿಡ್ಬೇಕು.”

ಅವರು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದರು.

“ಆ ಪರ್ಸೆಂಟು ಎಷ್ಟೂಂತ ಯಾರು ಹೇಳೋರು?”

“ರಿಸ್ಕ್ ನೋಡಿ ಇಡ್ತಾರೆ ಸಾರ್. ಜಾಸ್ತಿ ರಿಸ್ಕ್ ಇದ್ರೆ ಜಾಸ್ತಿ ಪರ್ಸೆಂಟು.”

“ಯಾರು ಇಡ್ತಾರೆ ಅಂತ ಕೇಳ್ದೆ.”

“ಕಂಪನಿಯವರು.”

“ಅಂದ್ರೆ ನಾನು,” ಎಂದರು. ಅವರು ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಅಲ್ಲಿಂದ ಮುಂದೆ ಆ ಮೂರಕ್ಷರ ಅವರ ಬಾಯಲ್ಲಿ ಬೈಗುಳವಾಯಿತು. ಮಧ್ಯಾಹ್ನ ಕೆಲಸಗಾರರು ಕೂತು ಉಣ್ಣುವ ಜಾಗಕ್ಕೆ ಶೀಟು ಹಾಕಿಸಿ ಎಂದರೆ ‘ಎನ್‌ಪಿವಿ ಮೈನಸ್’. ಹಳೆಯ ವೆಲ್ಡರ್ ಒಬ್ಬರು ಮಗನನ್ನು ಇಂಜಿನಿಯರಿಂಗಿಗೆ ಸೇರಿಸಬೇಕು, ಅಡ್ವಾನ್ಸ್ ಕೊಡಿ ಎಂದು ಬಂದು ನಿಂತರು. ಯಜಮಾನರು ಆ ಹುಡುಗನ ಮಾರ್ಕ್ಸ್ ಕೇಳಿ ತಿಳಿದುಕೊಂಡು, “ನಿನ್ ಮಗನ ಎನ್‌ಪಿವಿ ನೋಡ್ದೆ ಕಣ್ಲಾ. ಮೈನಸ್ಸು. ಪ್ರೆಸ್ ಮುಂದೆ ನಿಲ್ಸು, ಪ್ಲಸ್ ಆಯ್ತಾನೆ,” ಎಂದರು. ಆಫೀಸಿನಲ್ಲಿದ್ದವರೆಲ್ಲ ನಕ್ಕರು. ನಗಲೇಬೇಕಿತ್ತು. ವೆಲ್ಡರ್ ಕೂಡ ನಕ್ಕರು. ಮುಂದಿನ ಜೂನ್‌ನಲ್ಲಿ ಆ ಹುಡುಗ ಪ್ರೆಸ್ ಮುಂದೆ ನಿಂತಿದ್ದ.

ಯಜಮಾನರಿಗೆ ಇಬ್ಬರು ಮಕ್ಕಳು. ದೊಡ್ಡವಳು ಮಗಳು, ಮೆಕ್ಯಾನಿಕಲ್ ಇಂಜಿನಿಯರು. ಪ್ರೆಸ್ಸಿನ ಅಚ್ಚುಗಳನ್ನು, ಅಂದರೆ ಡೈಗಳನ್ನು, ಮಾಡುವ ಅಪ್ಪನ ಟೂಲ್ ರೂಮನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ನಮಗೆಲ್ಲ ಮೇಡಂ. ಅಪ್ಪನ ಗಂಟಲು, ಅಪ್ಪನ ನಡಿಗೆ. ಚಿಕ್ಕವನು ಮಗ, ಕಾಲೇಜು ಮುಗಿಸಿ ಮನೆಯಲ್ಲಿದ್ದ. ಮೆತ್ತಗಿನ ಹುಡುಗ. ಯಾರನ್ನಾದರೂ ಏನಾದರೂ ಕೇಳುವ ಮುಂಚೆ ಕ್ಷಮಿಸಿ ಎಂಬಂತೆ ಕೈ ಉಜ್ಜಿಕೊಳ್ಳುತ್ತಿದ್ದ.

ಮಗಳಿಗೆ ಒಂದು ಆಸೆಯಿತ್ತು. ನಮ್ಮ ಭಾಗಗಳನ್ನು ಕಾಯಿಸಿ ಗಟ್ಟಿಮಾಡಿಸಲು ಲಾರಿಯಲ್ಲಿ ಬೆಂಗಳೂರಿಗೆ ಕಳಿಸುತ್ತಿದ್ದೆವು. ಅವು ವಾರಗಟ್ಟಲೆ ಅಲ್ಲೇ ಬಿದ್ದಿದ್ದು, ತುಕ್ಕು ಹಿಡಿದು ಬರುತ್ತಿದ್ದವು. ನಮ್ಮದೇ ಫರ್ನೇಸು ಹಾಕಿಕೊಂಡರೆ ಆ ಖರ್ಚೆಲ್ಲ ಉಳಿಯುತ್ತದೆ, ಬೇರೆ ಫ್ಯಾಕ್ಟರಿಗಳ ಕೆಲಸವನ್ನೂ ಹಿಡಿಯಬಹುದು ಎಂಬುದು ಅವಳ ಯೋಜನೆ. ಅದೇ ಹೊತ್ತಿಗೆ ಯಜಮಾನರು ಮಗನಿಗಾಗಿ ಕೃಷ್ಣಗಿರಿ ಹತ್ತಿರ ಮಾವಿನ ತಿರುಳು ತೆಗೆದು ಡ್ರಮ್ಮಿಗೆ ತುಂಬುವ ಪಲ್ಪ್ ಫ್ಯಾಕ್ಟರಿ ಹಾಕುವ ಯೋಚನೆ ಮಾಡಿದ್ದರು. ಬಂಡವಾಳ ಇದ್ದದ್ದು ಒಂದಕ್ಕೆ ಮಾತ್ರ.

“ಅಪ್ಪ ಭೇದ ಮಾಡ್ದ ಅಂತ ಯಾರೂ ಅನ್ಬಾರ್ದು,” ಎಂದರು ಯಜಮಾನರು. “ಎರಡಕ್ಕೂ ಎನ್‌ಪಿವಿ ಹಾಕವ್ವ. ಅದೇನೇಳ್ತದೋ ಅದೇ ಕೊನೆ.”

ಇಬ್ಬರ ಜೊತೆಗೂ ಕೂತು ಲೆಕ್ಕ ಮಾಡಿದೆ. ಮಗಳು ಪ್ರತಿ ಕಿಲೋಗೆ ಎಷ್ಟು ಕರೆಂಟು ಎಂಬುದನ್ನೂ ಬರೆದು ತಂದಿದ್ದಳು. ಮಗ, “ಅಪ್ಪ ಏನ್ ಹೇಳಿದ್ರೋ ಅದೇ ಹಾಕಿ ಮೇಡಂ,” ಎಂದ. ಎರಡಕ್ಕೂ ಹದಿನಾಲ್ಕು ಪರ್ಸೆಂಟು, ಹತ್ತು ವರ್ಷದ ಆಯಸ್ಸು. ಫರ್ನೇಸು ಚೆನ್ನಾಗಿಯೇ ಉಳಿಸಿತು. ಪಲ್ಪ್ ಫ್ಯಾಕ್ಟರಿ ವರ್ಷದಲ್ಲಿ ಒಂದು ಸುಗ್ಗಿ ಮಾತ್ರ ಓಡಿ ಉಳಿದ ಕಾಲ ಬಾಗಿಲು ಹಾಕಿಕೊಂಡಿರುವಂಥದ್ದು. ಅದು ಮೈನಸ್ಸಿಗೆ ಇಳಿಯಿತು.

ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟು ತೋರಿಸಿದೆ. ಪ್ಲಾಂಟ್ ಮ್ಯಾನೇಜರು, ಆಡಿಟರು, ಮಕ್ಕಳಿಬ್ಬರು, ಯಜಮಾನರು ಇದ್ದರು. ಯಜಮಾನರು ಎರಡು ಅಂಕಿಗಳನ್ನೂ ನೋಡಿ ತಲೆ ಆಡಿಸಿದರು.

“ರಿಸ್ಕು ಎಲ್ಲಿ ಹಾಕಿದ್ದೀಯ?”

“ಎರಡಕ್ಕೂ ಒಂದೇ ರೇಟು ಸಾರ್. ಹದಿನಾಲ್ಕು.”

“ಎರಡೂ ಒಂದೇ ಹೆಂಗಾಯ್ತವೆ? ಇವಳ್ದು ಇಪ್ಪತ್ತೆರಡು ಹಾಕು. ಅವನ್ದು ಹನ್ನೆರಡು.”

ಮಗಳು ಕೇಳಿದಳು, “ಯಾಕಪ್ಪ? ಮಷೀನು ಒಳ್ಳೇದು, ಕೆಲಸ ಕೈಯಲ್ಲೇ ಇದೆ. ರಿಸ್ಕ್ ಏನೈತೆ?”

“ನೀನೇ ಕಣಮ್ಮ ರಿಸ್ಕು,” ಎಂದರು ಯಜಮಾನರು. ಸಿಟ್ಟಿರಲಿಲ್ಲ. ಮಾಲಿನ ದರ ಹೇಳುವ ದನಿ. “ಮದುವೆ ಆಯ್ತೀಯ, ಹೋಯ್ತೀಯ. ಮದುವೆ ಆಗಿಲ್ಲ ಅಂದ್ರೂ ತಲೆ ಕೆಟ್ಟು ಕೂತ್ಕೋತೀಯ. ಎರಡೂ ನಂಗೆ ನಷ್ಟವೇ. ಆ ಹತ್ತು ವರ್ಷಾನೂ ತೆಗೀ, ಮೂರು ಹಾಕು. ನಾಲ್ಕನೇ ವರ್ಷ ಇವಳು ಇಲ್ಲಿರ್ತಾಳೆ ಅಂತ ಯಾರು ಬರಕೊಡ್ತಾರೆ?”

ಆಡಿಟರು ಕಾಫಿ ಲೋಟದೊಳಗೆ ನೋಡುತ್ತಿದ್ದರು.

“ನಂಬಿಕೆ ಇಲ್ಲ ಅಂದ್ರೆ ಇವಳ್ನೇ ನೋಡು,” ಎಂದು ನನ್ನ ಕಡೆ ಕೈ ತೋರಿಸಿದರು. “ಎಷ್ಟು ಚೂಟಿ ಇದ್ಲು. ಬಾಣಂತನಕ್ಕೆ ಹೋಗಿ ಬಂದ್ಮೇಲೆ ಮಧ್ಯಾಹ್ನ ಆಯ್ತಂದ್ರೆ ಕಣ್ಣು ಬಾಗಿಲ ಕಡೆಗೇ ಇರ್ತವೆ. ಮಗು, ಮಗು. ಎಂಟು ಪರ್ಸೆಂಟು ಜಾಸ್ತಿ ಅಂತ ಸುಮ್ನೆ ಹೇಳಿದ್ನಾ? ಇವಳ್ನ ನೋಡೇ ಹೇಳಿದ್ದು. ಏನಮ್ಮ, ಸುಳ್ಳಾ?”

ನನ್ನ ಮಗಳಿಗೆ ಆಗ ಏಳು ತಿಂಗಳು. ಎದೆಯಲ್ಲಿ ಹಾಲು ಕಟ್ಟಿ ಸೆರಗು ನೆನೆಯುತ್ತದೆಂದು ನಾನು ಫೈಲನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ. ಅದೂ ಅವರ ಕಣ್ಣಿಗೆ ಬಿದ್ದಿತ್ತೆಂದು ಆಗ ಗೊತ್ತಾಯಿತು. ಅವರು ಹೇಳಿದ ಅಂಕಿಗಳನ್ನು ಒತ್ತಿದೆ. ಗೋಡೆಯ ಮೇಲೆ ಫರ್ನೇಸು ಮುಳುಗಿತು, ಮಾವು ಮೇಲೆ ಬಂತು.

“ನೋಡ್ದಾ? ನಾನೇಳಿದ್ದಲ್ಲ, ಲೆಕ್ಕ ಹೇಳಿದ್ದು,” ಎಂದರು.

ಮಗಳು ಎದ್ದು ಟೂಲ್ ರೂಮಿಗೆ ಹೋದಳು. ಸಂಜೆಯವರೆಗೂ ಎಂದಿನಂತೆ ಕೆಲಸ ಮಾಡಿದಳು. ಮಗ ನನ್ನ ಮೇಜಿನ ಹತ್ತಿರ ಬಂದು ಕೈ ಉಜ್ಜಿಕೊಂಡು, “ನಾನು ಕೇಳಿರ್ಲಿಲ್ಲ ಮೇಡಂ. ಅಕ್ಕನಿಗೆ ನೀವಾದ್ರೂ ಹೇಳಿ,” ಎಂದ. ಹೇಳಿದೆ. ಅವಳು ಡೈನ ಅಂಚನ್ನು ಬೆರಳಲ್ಲಿ ಸವರುತ್ತ, “ಕೇಳದೇನೇ ಸಿಕ್ತಲ್ಲ ಅವನಿಗೆ, ಅದೇ ಹೊಟ್ಟೆ ಉರಿಯೋದು,” ಎಂದಳು.

ಪಲ್ಪ್ ಫ್ಯಾಕ್ಟರಿ ಎದ್ದಿತು. ಸುಗ್ಗಿಯಲ್ಲಿ ತೋತಾಪುರಿ ತುಂಬಿದ ಲಾರಿಗಳು ಗೇಟಿನಿಂದ ಹೆದ್ದಾರಿಯವರೆಗೆ ನಿಲ್ಲುತ್ತಿದ್ದವು. ಉಳಿದ ತಿಂಗಳುಗಳಲ್ಲಿ ಮಗ, ಒಬ್ಬ ವಾಚ್‌ಮನ್, ಸಾಲು ಡ್ರಮ್ಮುಗಳು, ಅಷ್ಟೇ. ಯಜಮಾನರು ನನ್ನನ್ನು ಕಾರಿನಲ್ಲಿ ಕರೆದುಕೊಂಡು ಆಗಾಗ ಅಲ್ಲಿಗೆ ಹೋಗುತ್ತಿದ್ದರು. ಅಂದು ಕಾಗದದ ಮೇಲೆ ಇಷ್ಟು ಬರುತ್ತದೆ ಎಂದಿದ್ದೆವು, ನಿಜಕ್ಕೂ ಎಷ್ಟು ಬಂತು ಎಂದು ಹೋಲಿಸಿ ನೋಡುವುದು ನನ್ನ ಕೆಲಸ. ಅಂದು ಯಜಮಾನರೇ ಹೇಳಿ ಹಾಕಿಸಿದ ಅಂಕಿಗಳು ಈಗ ಮಗ ಕೊಟ್ಟು ತಪ್ಪಿದ ಮಾತಾಗಿದ್ದವು.

ಒಂದು ಸುಗ್ಗಿಯಲ್ಲಿ ಹಣ್ಣಿನ ದರ ಏರಿತ್ತು, ಪಲ್ಪ್ ಕೊಳ್ಳುವವರು ಹಿಂದೆಗೆದಿದ್ದರು. ಯಜಮಾನರು ಹಣ್ಣು ಆರಿಸುವ ಹೆಂಗಸರ ಸಾಲಿನ ನಡುವೆಯೇ ಮಗನನ್ನು ನಿಲ್ಲಿಸಿ, ಅವರಿಗೆ ತಿಳಿಯಲೆಂದು ತಮಿಳಿನಲ್ಲೂ ನಮಗೆ ತಿಳಿಯಲೆಂದು ಕನ್ನಡದಲ್ಲೂ ಬೈದರು.

“ಹನ್ನೆರಡು ಪರ್ಸೆಂಟು ಕೊಟ್ಟೆ ಕಣ್ಲಾ ನಿಂಗೆ! ಬ್ಯಾಂಕಲ್ಲಿ ಇಟ್ಟಿದ್ರೂ ಇದಕ್ಕಿಂತ ಬತ್ತಿತ್ತು. ನೀನು ಹುಟ್ಟಿದಾಗ ಲೆಕ್ಕ ಹಾಕೋಕೆ ಬತ್ತಿರ್ಲಿಲ್ಲ ನಂಗೆ. ಬಂದಿದ್ರೆ ಮೈನಸ್ಸು ಅಂತ ಆಗ್ಲೇ ಗೊತ್ತಾಗೋದು.”

ಒಬ್ಬ ಮುದುಕಿ ಕೈಯಲ್ಲಿದ್ದ ಹಣ್ಣು ಕೆಳಗಿಟ್ಟು ತಲೆ ತಗ್ಗಿಸಿದಳು. ಮಗ ಅಪ್ಪನ ಚಪ್ಪಲಿ ನೋಡುತ್ತ ನಿಂತಿದ್ದ. ಯಜಮಾನರು ಲಾರಿ ತೂಗುವ ವೇಬ್ರಿಡ್ಜ್ ಕಡೆ ಹೋದ ಮೇಲೆ ನನ್ನ ಹತ್ತಿರ ಬಂದ. ಕೈ ಉಜ್ಜಿಕೊಳ್ಳಲಿಲ್ಲ.

“ಮೇಡಂ, ನೀವೇ ಹೇಳಿದ್ರಿ, ಒಂದು ಯೋಜನೆ ಇದ್ರೆ ಎಷ್ಟು, ಇಲ್ಲದಿದ್ರೆ ಎಷ್ಟು, ಆ ವ್ಯತ್ಯಾಸ ನೋಡ್ಬೇಕೂಂತ. ಅಲ್ವಾ?”

“ಹೌದು.”

“ನಾನಿಲ್ಲ ಅಂತ ಹಾಕಿ ಒಂದ್ಸಲ ಲೆಕ್ಕ ಮಾಡಿ ನೋಡಿ.”

ಮರುದಿನ ಬೆಳಿಗ್ಗೆ ನೇರವಾಗಿ ಟೂಲ್ ರೂಮಿಗೆ ಹೋಗಿ ಅವನಕ್ಕನಿಗೆ ಹೇಳಿದೆ. ನಿಮ್ಮ ತಮ್ಮನ ಮಾತು ಸರಿಯಿಲ್ಲ, ಏನಾದರೂ ಮಾಡಿಕೊಂಡಾನು, ಹೋಗಿ ಕರಕೊಂಡು ಬನ್ನಿ ಎಂದೆ. ಅವಳು ಗ್ರೈಂಡರ್ ನಿಲ್ಲಿಸಿ, ಕನ್ನಡಕ ತೆಗೆದು ನನ್ನನ್ನು ನೋಡಿದಳು.

“ನನ್ ಫರ್ನೇಸಿನ ದುಡ್ಡಲ್ಲಿ ಕೂತಿದಾನೆ. ಕೂರ್ಲಿ. ಇನ್ನೊಂದು ಸುಗ್ಗಿ ನೋಡೋಣ,” ಎಂದು ಮತ್ತೆ ಗ್ರೈಂಡರ್ ಹಾಕಿದಳು.

ಇನ್ನೊಂದು ಸುಗ್ಗಿಯವರೆಗೆ ಕಾಯಬೇಕಾಗಲಿಲ್ಲ. ಆ ವಾರವೇ, ಲಾರಿಗಳು ಸಾಲುಗಟ್ಟಿ ನಿಂತಿರುವಾಗ, ಅವನು ಫೋನನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಬಾವಿ, ಕೆರೆ, ರೈಲ್ವೆ ಹಳಿ ಎಲ್ಲ ಹುಡುಕಿಸಿದೆವು. ಯಜಮಾನರು ಹುಡುಕಲು ಹೋಗಲಿಲ್ಲ. ಲಾರಿಯವರ ಜೊತೆ ದರಕ್ಕೆ ಜಗಳ ಆಡುತ್ತಿದ್ದರು. ಹಣ್ಣು ಬಿಸಿಲಿಗೆ ಹುಳಿಯೆದ್ದು, ಅಂಗಳವೆಲ್ಲ ಸಾರಾಯಿ ವಾಸನೆ. ಕೊನೆಗೆ ಅಂಚೆಟ್ಟಿ ಕಡೆಯಿಂದ ಸುದ್ದಿ ಬಂತು: ಕಾಡಂಚಿನ ಹಳ್ಳಿಯಲ್ಲಿರುವ ಸೋದರಮಾವನ ಮನೆಯಲ್ಲಿದ್ದಾನೆ, ಬರುವುದಿಲ್ಲವಂತೆ.

“ಸತ್ತಿದ್ರೆ ಇನ್ಶೂರೆನ್ಸಾದ್ರೂ ಬತ್ತಿತ್ತು,” ಎಂದರು ಯಜಮಾನರು. ಈ ಸಲ ಆಫೀಸಿನಲ್ಲಿ ಯಾರೂ ನಗಲಿಲ್ಲ.

ಆಮೇಲೆ ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ಬ್ಯಾಂಕಿನವರು ಯಾರೊಂದಿಗೆ ಮಾತಾಡಬೇಕೆಂದು ಕೇಳಿದರು. ಉಳಿದವಳು ಮಗಳೊಬ್ಬಳೇ. ಅಪ್ಪ ಕೂರುತ್ತಿದ್ದ ಕುರ್ಚಿಯಲ್ಲಿ ಅವಳು ಕೂತಳು. ಅಪ್ಪನನ್ನು ಎದುರಿಗೆ, ಬ್ಯಾಂಕಿನವರು ಕೂರುವ ಕಡೆ ಕೂರಿಸಿದಳು. ಪಲ್ಪ್ ಫ್ಯಾಕ್ಟರಿ ಇಟ್ಟುಕೊಂಡರೆ ಎಷ್ಟು, ಮಾರಿದರೆ ಎಷ್ಟು ಎಂದು ನನ್ನಿಂದ ಲೆಕ್ಕ ತೆಗೆಸಿದ್ದಳು. ಮಾರುವುದೇ ಮೇಲಾಗಿತ್ತು.

“ನಾನು ಹಾಕಿದ ಬಂಡವಾಳ ಇದ್ರಾಗೆ ಎಲ್ಲೈತೆ?” ಯಜಮಾನರ ನಾಲಿಗೆ ಸ್ವಲ್ಪ ತೊದಲುತ್ತಿತ್ತು.

“ಹೋದದ್ದು ಹೋಯ್ತಪ್ಪ. ಮಾರಿದ್ರೂ ಬರಲ್ಲ, ಇಟ್ಕೊಂಡ್ರೂ ಬರಲ್ಲ. ಅದನ್ನ ಲೆಕ್ಕಕ್ಕೆ ಹಿಡಿಯೋ ಹಂಗಿಲ್ಲ. ಇನ್ಮುಂದೆ ಏನು ಬತ್ತದೆ, ಏನು ಹೋಯ್ತದೆ, ಅಷ್ಟೇ ನೋಡೋದು.”

“ನಾನು ಕಟ್ಟಿದ್ದು ಕಣವ್ವ ಅದು.”

“ಅದಕ್ಕೊಂದು ಕಾಲಂ ಇಲ್ಲಪ್ಪ.” ಅವಳು ನನ್ನ ಕಡೆ ತಿರುಗಿದಳು. “ಇನ್ನೊಂದು. ಅಪ್ಪನಿಗೆ ಕಾರು, ಡ್ರೈವರು, ಈ ರೂಮು, ಎಲ್ಲ ಕಂಪನಿ ಖರ್ಚಲ್ಲಿದೆ. ಮುಂದಿನ ತಿಂಗಳಿಂದ ತೆಗೀರಿ. ಆಯುಧ ಪೂಜೆಗೊಂದು ದಿನ ಅಪ್ಪನ್ನ ಕರೆಸೋಣ.”

ಇಷ್ಟು ವರ್ಷ ಆ ಮನುಷ್ಯನಿಗೆ ಹೀಗಾಗಲಿ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೆನೋ. ಆದರೂ ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟು, ಅದು ಜಾರಿ ಬಿದ್ದು, ಮತ್ತೆ ಎತ್ತಿ ಇಡುವುದನ್ನು ನೋಡುತ್ತ ನಿಂತಾಗ ಸಂತೋಷ ಬರಲಿಲ್ಲ. ಮಗಳು ಫೋನಿನಲ್ಲಿ ಫರ್ನೇಸು ಮಾರುವವರ ಜೊತೆ ಮಾತು ಶುರುಮಾಡಿಯಾಗಿತ್ತು.

ಮಾರಾಟದ ಕಾಗದಗಳಿಗೆ ತಮ್ಮನ ಸಹಿ ಬೇಕಿತ್ತು, ಫ್ಯಾಕ್ಟರಿ ಅವನ ಹೆಸರಿನಲ್ಲೂ ಇತ್ತು. ನನ್ನನ್ನು ಕಳಿಸಿದಳು. ಹೊರಡುವ ಮುಂಚೆ ಯಜಮಾನರ ಮನೆಗೆ ಹೋಗಿ, ಮಗನಿಗೆ ಏನಾದರೂ ಹೇಳಬೇಕಾ ಎಂದು ಕೇಳಿದೆ. ಗೋಡೆ ಕಡೆ ಮುಖ ಮಾಡಿಕೊಂಡು, “ಸೈನು ತಗೊಂಡ್ ಬಾ. ಅವನ ಸುದ್ದಿ ತರಬೇಡ,” ಎಂದರು.

ಅಂಚೆಟ್ಟಿಯಲ್ಲಿ ಬಸ್ ಇಳಿದು, ಹುರುಳಿ ಹೊಲಗಳ ನಡುವೆ ಬಹಳ ದೂರ ನಡೆದೆ. ಅವನು ಮಾವನ ಮನೆಯ ಮುಂದೆ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದ. ತೆಳ್ಳಗಾಗಿದ್ದ, ಕಪ್ಪಾಗಿದ್ದ. ಜಗಲಿಯ ಮೇಲೆ ಕಾಗದಗಳನ್ನು ಹರಡಿ, ಒಂದನ್ನೂ ಓದದೆ, ನಾನು ಬೆರಳಿಟ್ಟಲ್ಲೆಲ್ಲ ಸಹಿ ಹಾಕಿದ. ಅವನ ಅತ್ತೆ ಮುದ್ದೆ, ಹುರುಳಿ ಸಾರು ಬಡಿಸಿದರು. ಉಂಡ ಮೇಲೆ ಬಸ್ಸಿನವರೆಗೆ ಬಿಡಲು ಬಂದ. ದಾರಿಯುದ್ದಕ್ಕೂ ಆಡುಗಳ ಕಾಯಿಲೆ, ಮಾವನ ಮಂಡಿನೋವು ಇದನ್ನೇ ಮಾತಾಡಿದ. ಬಸ್ಸಿನ ಸದ್ದು ಕೇಳಿಸಿದಾಗ ಕೇಳಿದ.

“ಅಪ್ಪ ಏನಾದ್ರೂ ಹೇಳಿ ಕಳ್ಸಿದ್ರಾ?”

“ಹುಷಾರಾಗಿರು ಅಂತ ಹೇಳು ಅಂದ್ರು.”

ಅವನು ನನ್ನ ಮುಖ ನೋಡಿದ. ಆಮೇಲೆ ನಕ್ಕ.

“ನಮ್ಮಪ್ಪ ಹಂಗನ್ನೋರಲ್ಲ ಮೇಡಂ. ಹೋಗ್ಲಿ, ನೀವಂದ್ರಲ್ಲ, ಸಾಕು. ಹತ್ತಿ, ಇದು ಬಿಟ್ರೆ ಇವತ್ತು ಇನ್ನೊಂದು ಬಸ್ಸಿಲ್ಲ.”

ಹತ್ತಿ ಕೂತೆ. ಅವನು ನಿಲ್ಲದೆ, ಬಂದ ದಾರಿಯಲ್ಲೇ ಹೊಲಗಳ ಕಡೆ ನಡೆದುಹೋದ.