ಅಪ್ಪನಿರುವಾಗಲೇ ಮೀಸೆ ತೆಗೆದದ್ದು

“ಉಂಗ ಸಂಸಾರಂ ಎಂಗೆ?” ಎಂದು ದಿಂಡಿಗಲ್ಲಿನಲ್ಲಿ ಬಾಡಿಗೆ ಮನೆಯ ಯಜಮಾನಿ ಕೇಳಿದಳು. ಊರಿನಲ್ಲಿದೆ, ಒಟ್ಟು ಏಳು ಮಂದಿ ಎಂದು ನನಗೆ ಬಂದಷ್ಟು ತಮಿಳಿನಲ್ಲಿ ಹೇಳಿದೆ. ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಇಲ್ಲಿ ಸಂಸಾರವೆಂದರೆ ಹೆಂಡತಿ ಎಂದು ನನಗೆ ಗೊತ್ತಾದದ್ದು ಆಮೇಲೆ. ಏಳು ಹೆಂಡಿರ ಗಂಡನಿಗೆ ಮನೆ ಯಾರು ಕೊಡುತ್ತಾರೆ? ಕೊನೆಗೆ, ಚರ್ಮ ಹದಮಾಡುವ ವಾಸನೆ ಬಿಡದ ಒಂದು ಬೀದಿಯಲ್ಲಿ ಕೋಣೆ ಸಿಕ್ಕಿತು.

ನಾನು ತಿಪಟೂರಿನ ಕಡೆಯವನು. ಉಪಾಧ್ಯಾಯರನ್ನು ತಯಾರು ಮಾಡುವ ಇಲ್ಲಿನ ಶಾಲೆಗೆ ಗಣಿತ ಹೇಳಲು ಬಂದೆ. ನಮ್ಮ ಕಡೆ ತೆಂಗಿನ ನೆರಳು ಬೀಳದ ಅಂಗಳವಿಲ್ಲ. ಇಲ್ಲಿ ಕೋಟೆಯ ಬೋಳುಬಂಡೆ ಹಗಲೆಲ್ಲ ಕಾದು ಸಂಜೆ ಊರನ್ನೇ ಬೇಯಿಸುತ್ತದೆ. ಮುದ್ದೆಯ ಜಾಗಕ್ಕೆ ಸಜ್ಜೆಯ ಅಂಬಲಿ ಬಂತು. ಇವರು ಅದನ್ನು ಕಂಬಂಕೂಳು ಅನ್ನುತ್ತಾರೆ. ಅದಕ್ಕೆ ಹೊಟ್ಟೆ ಬೇಗ ಒಗ್ಗಿತು. ಕಿವಿ ಒಗ್ಗಲಿಲ್ಲ. ವಾರಗಟ್ಟಲೆ ಕನ್ನಡ ಕೇಳದೆ, ಅಡುಗೆ ಮಾಡುವಾಗ ಒಲೆಯ ಜೊತೆ ಮಾತಾಡತೊಡಗಿದ್ದೆ.

ಪಾಠದಲ್ಲಿ ಮಾತ್ರ ನನಗೆ ಹೆಮ್ಮೆಯಿತ್ತು. ಕರಿಹಲಗೆಯ ಮೇಲೆ ಬರೆಯುತ್ತಲೇ, ಹಿಂದೆ ತಿರುಗದೆ, ಬಂದಷ್ಟು ತಮಿಳಿನಲ್ಲೇ ಎಲ್ಲವನ್ನೂ ವಿವರಿಸಿಬಿಡುತ್ತಿದ್ದೆ. ವಿದ್ಯಾರ್ಥಿಗಳ ಕಡೆಗೆ ತಿರುಗುವ ಹೊತ್ತಿಗೆ ಲೆಕ್ಕ ಮುಗಿದಿರುತ್ತಿತ್ತು.

ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿಯಿಂದ ಬಂದ ಬೊಮ್ಮಯ್ಯನೆಂಬ ವಿದ್ಯಾರ್ಥಿಯಿದ್ದ. ಇಪ್ಪತ್ತೆರಡರ ಗಟ್ಟಿಮುಟ್ಟಾದ ಆಳು. ನಾನು ಮಾತಾಡಿದರೆ ನನ್ನ ಮುಖವನ್ನೇ ದಿಟ್ಟಿಸುವನು, ಹಲಗೆಯ ಕಡೆ ತಿರುಗಿದರೆ ಪಕ್ಕದವನ ಸ್ಲೇಟು ನೋಡುವನು. ಉದ್ಧಟ, ಮೇಲಾಗಿ ನಕಲು ಹೊಡೆಯುವವನು ಎಂದು ತೀರ್ಮಾನಿಸಿ ಅವನನ್ನು ಕೊನೆಯ ಬೆಂಚಿಗೆ ಕಳಿಸಿದೆ. ಅಲ್ಲಿಂದ ಅವನ ಉತ್ತರಗಳು ಇನ್ನೂ ಕೆಟ್ಟವು. ಅವನನ್ನು ಶಾಲೆಯಿಂದ ಬಿಡಿಸಬೇಕೆಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟವನೂ ನಾನೇ.

ಅದೇ ವಾರ ಸಂತೆಯಲ್ಲಿ ಕನ್ನಡ ಕೇಳಿಸಿತು. ನನ್ನ ಕಾಲು ತಾನಾಗಿ ನಿಂತಿತು. ಸಜ್ಜೆಯ ಮೂಟೆಯ ಪಕ್ಕದಲ್ಲಿ ಒಬ್ಬ ಹೆಂಗಸು ಬೊಮ್ಮಯ್ಯನ ಗಲ್ಲ ಹಿಡಿದು, ತನ್ನ ಕಡೆಗೆ ತಿರುಗಿಸಿಕೊಂಡು ಮಾತಾಡುತ್ತಿದ್ದಳು. ಅವನ ತಾಯಿ.

“ಯಾವ ಊರಮ್ಮ ನಿಮ್ಮದು?” ಎಂದೆ.

“ಅಯ್ಯೋ ಸಾಮಿ, ನೀವೂ ನಮ್ ಪೇಚು ಪೇಸ್ತೀರಾ?” ಎಂದು ಅವಳು ಅರಳಿದಳು. ನಮಗೆ ಪೇಚೆಂದರೆ ಇಕ್ಕಟ್ಟು, ಅವರಿಗೆ ಮಾತು. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡು ಬಿಟ್ಟು ಬಂದ ಒಕ್ಕಲು ಮನೆಯವರು; ಓದು ಬರಹವೆಲ್ಲ ತಮಿಳು, ಮನೆಯೊಳಗೆ ಮಾತ್ರ ಕನ್ನಡ.

ನಾನು ಮಗನ ಮೇಷ್ಟರೆಂದು ತಿಳಿದದ್ದೇ ಅವಳ ಮುಖ ಬಾಡಿತು. “ಜರ ಬಂದು ಕಿವಿ ಓಗ್ಬಿಟ್ಟು ಆರು ವರ್ಸ ಆಯ್ತು ಸಾಮಿ. ಬಾಯಿ ನೋಡಿ ಪುರಿಸ್ಕೋತಾನೆ. ಯಾರ್ಗೂ ಏಳ್ಬೇಡಿ. ಕಿವುಡಂಗೆ ವಾತ್ಯಾರ್ ವೇಲೆ ಯಾರ್ ಕೊಡ್ತಾರೆ?” ಪುರಿಸ್ಕೋತಾನೆ ಅಂದರೆ ತಿಳಿದುಕೊಳ್ಳುತ್ತಾನೆ; ಮೇಷ್ಟರ ಕೆಲಸ ಸಿಗದೆ ಹೋದೀತೆಂಬುದು ಅವಳ ಭಯ.

ನಾನು ಬೊಮ್ಮಯ್ಯನ ಎದುರಿಗೆ ನಿಂತು, “ನನ್ನ ಮಾತು ತಿಳಿಯುತ್ತದೆಯೇನಪ್ಪ?” ಎಂದೆ.

ಅವನು ತಲೆ ತಗ್ಗಿಸಿ ಹೇಳಿದ: “ಕನ್ನಡ ಆದ್ರೆ ಕೊಂಚ ಪುರಿತದೆ ಅಯ್ಯಾ. ನೀವು ಅಲಗೆ ಕಡೆ ತಿರುಗುದ್ರೆ ಒಂದೂ ಇಲ್ಲ. ತಿರುಗ್ದೆ ಇದ್ರೂ... ನಿಮ್ ಮೀಸೆ ಬಾಯಿ ಮುಚ್ತದೆ.”

ಬರೆದುಕೊಟ್ಟಿದ್ದನ್ನು ಮರುದಿನವೇ ವಾಪಸು ಕೇಳಿದೆ. ಕಾರಣ ಹೇಳಲೇಬೇಕಾಯಿತು. ಕಿವುಡನನ್ನು ಮಕ್ಕಳ ಮುಂದೆ ನಿಲ್ಲಿಸುತ್ತೀರಾ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಅವನ ಪರೀಕ್ಷಾ ಪಾಠ ನೋಡಿ ನಿರ್ಧರಿಸಿ ಎಂದು ಬೇಡಿಕೊಂಡೆ. ಎರಡು ತಿಂಗಳ ಕಾಲಾವಕಾಶ ಸಿಕ್ಕಿತು.

ಬೊಮ್ಮಯ್ಯ ಮುಂದಿನ ಬೆಂಚಿಗೆ ಬಂದ. ಮೊದಲು ಬರೆದು, ಆಮೇಲೆ ತಿರುಗಿ ಮಾತಾಡುವುದನ್ನು ನಾನು ಕಲಿತೆ. ಹದಿನೈದು ವರ್ಷದ ಅಭ್ಯಾಸ ಮುರಿಯಲು ಹದಿನೈದು ದಿನ ಹಿಡಿಯಿತು. ಮೀಸೆಯದೇ ಕಷ್ಟ. ನಮ್ಮ ಕಡೆ ಅಪ್ಪ ತೀರಿಕೊಂಡರೆ ಮಾತ್ರ ಮೀಸೆ ತೆಗೆಯುತ್ತಾರೆ. ನನ್ನ ಅಪ್ಪ ಇನ್ನೂ ನೇಗಿಲು ಹಿಡಿಯುತ್ತಿದ್ದ. ಕತ್ತರಿಸಿ ಸಣ್ಣದು ಮಾಡಿದೆ. “ಪರವಾಯಿಲ್ಲ ಅಯ್ಯಾ” ಎಂದು ಬೊಮ್ಮಯ್ಯ ಹೇಳಿದನೇ ಹೊರತು ಉತ್ತರಗಳು ಸರಿಹೋಗಲಿಲ್ಲ. ಕಡೆಗೆ ಕ್ಷೌರಿಕನ ಬಳಿ ಹೋದೆ. ಇಲ್ಲಿಯೂ ಅದೇ ಪದ್ಧತಿಯೋ ಏನೋ, ಅಪ್ಪ ಹೋದರೇ ಎಂದು ಅವನು ಕೇಳಿದ. ಇಲ್ಲ, ಚೆನ್ನಾಗಿದ್ದಾರೆ ಎಂದೆ. ಅವನು ಕತ್ತಿ ಮಡಿಸಿ ಎದ್ದ. ಕೋಣೆಗೆ ಬಂದು ನಾನೇ ತೆಗೆದುಕೊಂಡೆ. ತುಟಿ ಕೊಯ್ದುಕೊಂಡಿತು.

ಪರೀಕ್ಷಾ ಪಾಠದ ದಿನ ಬೊಮ್ಮಯ್ಯ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಟ್ಟ. ತೀರ ಮೆಲ್ಲಗೆ ಮಾತಾಡುವ ಒಂದು ಮಗು ಆ ತರಗತಿಯಲ್ಲಿತ್ತು. ಗಟ್ಟಿಯಾಗಿ ಹೇಳು ಎಂದು ಉಳಿದ ಅಭ್ಯರ್ಥಿಗಳೆಲ್ಲ ಗದರಿದಾಗ ಅದು ಬಾಯಿ ಮುಚ್ಚಿಕೊಂಡಿತ್ತು. ಬೊಮ್ಮಯ್ಯ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಪ್ರಶ್ನೆ ಕೇಳಿದ. ಮಗುವಿನ ತುಟಿ ಅಲುಗಿತು. ಅವನು ತಲೆದೂಗಿ, ಅದು ಹೇಳಿದ ಉತ್ತರವನ್ನು ಹಲಗೆಯ ಮೇಲೆ ಬರೆದ.

“ಅದು ಏನು ಹೇಳಿತು? ನನಗೆ ಕೇಳಿಸಲೇ ಇಲ್ಲವಲ್ಲ” ಎಂದು ಮುಖ್ಯೋಪಾಧ್ಯಾಯರು ನನ್ನ ಕಡೆ ಬಾಗಿದರು.

“ನನಗೂ ಕೇಳಿಸಲಿಲ್ಲ” ಎಂದೆ. ಅವರು ಅರ್ಹತಾಪತ್ರಕ್ಕೆ ರುಜು ಹಾಕಿದರು. ಬೊಮ್ಮಯ್ಯ ಈಗ ಕಣಿವೆಯ ಒಂದು ಶಾಲೆಯಲ್ಲಿದ್ದಾನೆ.

ರಜೆಗೆ ಊರಿಗೆ ಹೋದಾಗ ಅವ್ವ ನನ್ನ ಮುಖ ನೋಡಿ ಬಾಗಿಲಲ್ಲೇ ಚೀರಿದಳು. ಅಪ್ಪ ಕೊಟ್ಟಿಗೆಯಿಂದ ಬಂದ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವನು ಕೈ ತೊಳೆದು ಪಕ್ಕದಲ್ಲಿ ಕೂತ.

“ಆ ಹುಡುಗನಿಗೆ ಕೆಲಸ ಸಿಕ್ತಾ?”

“ಸಿಕ್ತು.”

“ಸರಿ. ಇಲ್ಲಿರೋವರೆಗೂ ಬೆಳೆಸು. ನಿಮ್ಮವ್ವ ಕುಂಕುಮ ಇಟ್ಕೊಂಡು ಸಂತೆಗೆ ಹೋಗ್ಬೇಕಲ್ಲ.”

ಬೆಳೆಸಿದೆ. ದಿಂಡಿಗಲ್ಲಿಗೆ ಮರಳಿದ ದಿನ ಮತ್ತೆ ತೆಗೆದೆ. ಈ ವರ್ಷ ಕಿವುಡರು ಯಾರೂ ಇಲ್ಲವಲ್ಲ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕಳೆದ ವರ್ಷವೂ ಇಲ್ಲವೆಂದೇ ನಾನು ತಿಳಿದಿದ್ದೆ ಎಂದೆ. ಊರಿಗೆ ಹೋದಾಗಲೆಲ್ಲ ಮೀಸೆ ಬಿಡುತ್ತೇನೆ. ಅಲ್ಲಿ ಅದು ಪೂರ್ತಿ ಬೆಳೆಯುವ ಮೊದಲೇ ರಜೆ ಮುಗಿದಿರುತ್ತದೆ.