ಸಪ್ಪಲಮ್ಮನ ಹೂವೂ ಹನ್ನೆರಡು ಗಂಟೆಯ ಬಸ್ಸೂ

ನನ್ನ ಮೈದುನ ಚಿಕ್ಕಬೈರಪ್ಪನಿಗೆ ಈಗ ಎಪ್ಪತ್ತನಾಲ್ಕು. ಅಮೃತಹಳ್ಳಿಯ ನಮ್ಮ ಸಪ್ಪಲಮ್ಮನ ಗುಡಿಗೆ ನಲವತ್ತೊಂದು ವರ್ಷದಿಂದ ಅವನೇ ಪೂಜಾರಿ. ನಾನು ಅವನ ಅಣ್ಣನ ಹೆಂಡತಿ. ನನ್ನ ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು. ಗುಡಿ ಹಿಂದಿನ ಹಳೇ ಮನೆಯಲ್ಲಿ ಅವನೂ ಅವನ ಮಗ ಉಮೇಶನ ಸಂಸಾರವೂ ನಾನೂ ಒಟ್ಟಿಗೇ ಇದ್ದೇವೆ. ಸುತ್ತ ಮೂರು ಕಡೆ ಐದೈದು ಅಂತಸ್ತಿನ ಕಟ್ಟಡಗಳು. ಅದರಲ್ಲಿ ಒಂದು ಉಮೇಶನೇ ಕಟ್ಟಿಸಿದ್ದು.

ಚಿಕ್ಕಬೈರಪ್ಪ ಯಾರಿಗೂ ಅವಸರ ಮಾಡಿದವನಲ್ಲ, ತಾನೂ ಅವಸರ ಪಟ್ಟವನಲ್ಲ. ನಮ್ಮ ಗುಡಿಯಲ್ಲಿ ಹೂವು ಕೇಳುವುದು ಅಂತ ಒಂದಿದೆ. ಮನಸ್ಸಿನಲ್ಲಿ ಒಂದು ಮಾತು ನೆನೆದುಕೊಂಡು ಅಮ್ಮನವರ ಎದುರು ಮಣೆಯ ಮೇಲೆ ಕೂರಬೇಕು. ಪೂಜಾರಿ ಅಮ್ಮನವರ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಕಣಗಿಲೆ ಹೂವು ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬೀಳುವ ತನಕ ಕೇಳಿದವರು ಮಣೆ ಬಿಟ್ಟು ಏಳುವಂತಿಲ್ಲ, ಬಾಯಿಗೆ ನೀರೂ ಹಾಕುವಂತಿಲ್ಲ. ನಮ್ಮ ಹೊಲ ಮಾರುವ ಮಾತು ಬಂದಾಗ ನನ್ನ ಯಜಮಾನರು ಬೆಳಿಗ್ಗೆ ಏಳಕ್ಕೆ ಕೂತವರು ಸಂಜೆ ದೀಪ ಹಚ್ಚುವ ತನಕ ಕೂತಿದ್ದರು. ಕೊಳ್ಳುವವರು ಕಾದು ಕಾದು ಕಾರು ಹತ್ತಿ ಹೋದರು. ಆದರೂ ಚಿಕ್ಕಬೈರಪ್ಪ ಹೂವಿನ ಕಡೆ ಒಂದು ಬೆರಳು ಚಾಚಲಿಲ್ಲ. ನಮ್ಮ ಯಜಮಾನರು ಎಂಟು ದಿನ ಅವನ ಹತ್ತಿರ ಮಾತು ಬಿಟ್ಟಿದ್ದರು.

ಉಮೇಶನ ಮಗಳು ಮಂಜುಶ್ರೀ ಪ್ರವಾಸದವರನ್ನು ಸುತ್ತಾಡಿಸುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಹೋದ ಜನವರಿಯಲ್ಲಿ ಒಂದು ದೊಡ್ಡ ಹಡಗು ಚೆನ್ನೈಗೆ ಬಂದು ನಿಂತಿತು. ಅದರಲ್ಲಿದ್ದ ಹನ್ನೊಂದು ಜನ ವಿದೇಶದವರು ಬೆಳಗಿನ ವಿಮಾನದಲ್ಲಿ ಇಲ್ಲಿಗೆ ಬಂದು, ಒಂದು ಗುಡಿಯನ್ನೂ ಹಳೇ ಕಾಲದ ಹಳ್ಳಿ ಬಾಳನ್ನೂ ನೋಡಿಕೊಂಡು, ಮಧ್ಯಾಹ್ನದ ವಿಮಾನಕ್ಕೆ ವಾಪಸ್ಸು ಹೋಗಬೇಕು. ಸಂಜೆ ಆರಕ್ಕೆ ಹಡಗು ಹೊರಡುತ್ತದೆ. ಯಾರಿಗಾಗಿಯೂ ನಿಲ್ಲುವುದಿಲ್ಲವಂತೆ. ಮಂಜುಶ್ರೀ ಒಬ್ಬಳೇ ಹೊಣೆ ಹೊತ್ತ ಮೊದಲ ತಂಡ ಅದು.

"ದೊಡ್ಡಜ್ಜಿ, ಒಬ್ರು ಮಿಸ್ ಆದ್ರೂ ನನ್ ಕೆಲ್ಸ ಹೋಯ್ತು ಅಂತ್ಲೇ ಲೆಕ್ಕ. ಕರೆಕ್ಟಾಗಿ ಹನ್ನೆರಡಕ್ಕೆ ಬಸ್ ಇಲ್ಲಿಂದ ಬಿಡ್ಬೇಕು," ಎಂದು ಹಿಂದಿನ ದಿನ ನಾಲ್ಕು ಸಲ ಹೇಳಿದಳು.

ಒಂಬತ್ತು ಗಂಟೆಗೆ ಬಂದರು. ಹಳ್ಳಿ ಬಾಳು ಕಾಣಲಿ ಎಂದು ಉಮೇಶ ರಾಜಾನುಕುಂಟೆಯಿಂದ ಎರಡು ಹಸು ಬಾಡಿಗೆಗೆ ತಂದು ಕಾರು ನಿಲ್ಲಿಸುವ ಜಾಗದಲ್ಲಿ ಕಟ್ಟಿದ್ದ. ವಿದೇಶದವರಿಗಿಂತ ಪಕ್ಕದ ಫ್ಲ್ಯಾಟಿನವರೇ ಇಳಿದು ಬಂದು ಹಸುವಿನ ಜೊತೆ ಫೋಟೋ ತೆಗೆಸಿಕೊಂಡರು. ನಾನು ಬೀಸುವ ಕಲ್ಲಿನಲ್ಲಿ ರಾಗಿ ಬೀಸಿ ತೋರಿಸಿದೆ. ಮುದ್ದೆ, ಅವರೆಕಾಳು ಸಾರು ಬಡಿಸಿದೆ. ಹತ್ತು ಜನ ಮುರಿದು ಮೂಸಿ ಬಿಟ್ಟರು. ಇಂಗ್ರಿಡ್ ಎಂಬ ಉದ್ದನೆಯ ಹೆಂಗಸು ಮಾತ್ರ, ನನ್ನ ವಯಸ್ಸೇ ಇರಬೇಕು, ಒಂದು ಮುದ್ದೆ ಪೂರ್ತಿ ಉಂಡಳು. ಅಗಿಯಬಾರದು, ನುಂಗಬೇಕು ಎಂದು ಕೈಸನ್ನೆ ಮಾಡಿದೆ. ಹಾಗೇ ನುಂಗಿದಳು.

ಹನ್ನೊಂದಕ್ಕೆ ಗುಡಿಗೆ ಹೋದರು. ಮಂಜುಶ್ರೀ ಹೂವು ಕೇಳುವುದರ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿದಳು, ಬೇಕಾದವರು ಕೇಳಬಹುದು ಎಂದೂ ಸೇರಿಸಿದಳು. ಬೀಳುವ ತನಕ ಏಳುವಂತಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಇಂಗ್ರಿಡ್ ಚಪ್ಪಲಿ ಬಿಟ್ಟು ಬಂದು ಮಣೆಯ ಮೇಲೆ ಕೂತಳು. ಚಿಕ್ಕಬೈರಪ್ಪ ಹೂವು ಅಂಟಿಸಿದ. ಆಗ ಗೋಡೆ ಗಡಿಯಾರದಲ್ಲಿ ಹನ್ನೊಂದೂ ಹತ್ತು.

ಹನ್ನೊಂದೂವರೆ ಆಯಿತು. ಹೂವು ಅಲುಗಲಿಲ್ಲ. ಉಳಿದವರು ಬಸ್ಸಿನಲ್ಲಿ ಕೂತರು. ಮಂಜುಶ್ರೀ ಹತ್ತಿರ ಬಂದು, "ತಾತ, ಸಾಕು, ಇವರನ್ನ ಎಬ್ಸು," ಎಂದಳು.

"ಏಳಂಗಿಲ್ಲ ಕಣವ್ವ. ಊವು ಬೀಳ್ಳಿಲ್ವಲ್ಲ."

"ಇದು ಸುಮ್ನೆ ತೋರ್ಸೋಕೆ ತಾತ."

"ನೀನು ತೋರ್ಸಿದ್ದೆ. ಆವಮ್ಮ ಕೇಳವ್ಳೆ."

ಅವಳು ಇಂಗ್ರಿಡ್‌ಗೆ ಬಗ್ಗಿ ಏನೋ ಹೇಳಿದಳು. ಇಂಗ್ರಿಡ್ ಚಿಕ್ಕಬೈರಪ್ಪನ ಕಡೆ ಕೈ ತೋರಿಸಿ ಮರುಪ್ರಶ್ನೆ ಹಾಕಿದಳು. ಏಳಬಹುದೆ ಎಂದು ಪೂಜಾರಿಯನ್ನೇ ಕೇಳು ಅಂದಳಂತೆ. ಚಿಕ್ಕಬೈರಪ್ಪ ಇಲ್ಲ ಎಂದು ತಲೆ ಆಡಿಸಿದ. ಅವಳು ಇನ್ನೂ ನೆಟ್ಟಗೆ ಕೂತಳು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಉಮೇಶ ಬಂದ. "ಅಪ್ಪಾ, ಫ್ಯಾನ್ ಹಾಕು. ತಾನೇ ಬೀಳುತ್ತೆ."

"ನಿನ್ ಬಿಲ್ಡಿಂಗ್ ಪ್ಲಾನ್ ಪಾಸ್ ಮಾಡ್ಸೋ ಆಫೀಸು ಅನ್ಕೊಂಡ್ಯಾ ಇದನ್ನ?" ಎಂದ ಚಿಕ್ಕಬೈರಪ್ಪ. "ಸ್ವಿಚ್ ಅತ್ರ ಓಗ್ಬೇಡ."

ಹನ್ನೆರಡಾಯಿತು. ಡ್ರೈವರ್ ಮುನಿರತ್ನ ಎರಡು ಸಲ ಹಾರನ್ ಹೊಡೆದ. ಮಂಜುಶ್ರೀ ಬಾಗಿಲಿಗೆ ಹೋಗಿ ಅವನಿಗೆ ಐದು ಬೆರಳು ತೋರಿಸಿ ಬಂದಳು. ಅವಳು ಅಳಲಿಲ್ಲ. ಹನ್ನೆರಡೂ ಐದು. ಹನ್ನೆರಡೂ ಹತ್ತು. ಚಿಕ್ಕಬೈರಪ್ಪ ಒಂದು ಸಲ ಮೊಮ್ಮಗಳ ಮುಖ ನೋಡಿದ, ಒಂದು ಸಲ ಅಮ್ಮನವರನ್ನು ನೋಡಿದ. ಅಷ್ಟು ವರ್ಷದಲ್ಲಿ ಅವನು ಹಾಗೆ ದಿಕ್ಕು ತೋಚದೆ ನಿಂತಿದ್ದನ್ನು ನಾನು ಕಂಡಿರಲಿಲ್ಲ.

ಹಾಸಿಗೆ ಹಿಡಿದವರು ಬಂದು ಕೂರಲಾಗದಿದ್ದರೆ ಅವರ ಮನೆಯವರೊಬ್ಬರು ಅವರ ಪರವಾಗಿ ಮಣೆ ಮೇಲೆ ಕೂರುವುದು ನಮ್ಮಲ್ಲಿ ನಡೆಯುತ್ತದೆ. ಅದು ಅವನಿಗೆ ನೆನಪಾಯಿತೆಂದು ಕಾಣುತ್ತದೆ. ನನ್ನ ಕಡೆ ತಿರುಗಿ, "ಅತ್ಗೆ, ಈವಮ್ಮ ನಮ್ಮನೇಲಿ ಉಂಡ್ಳಾ?" ಎಂದ.

"ಉಂಡಳು. ಒಂದು ಮುದ್ದೆ ಪೂರ್ತಿ."

"ಮಿಗ್ಸಿಲ್ವಾ?"

"ಚೂರೂ ಮಿಗಿಸಿಲ್ಲ."

"ಅಂಗಾದ್ರೆ ಮನೆಯವ್ಳೇ ಆದ್ಳು," ಎಂದ. ಅಮ್ಮನವರಿಗೆ ಕೈ ಮುಗಿದು, "ತಾಯಿ, ಏನು ಕೇಳವ್ಳೋ ನಂಗೆ ಗೊತ್ತಿಲ್ಲ. ನಿಂಗೆ ಗೊತ್ತು. ಇನ್ಮೇಲೆ ನಾನು ಕೂತಿರ್ತೀನಿ," ಎಂದು ಹೇಳಿ ಇಂಗ್ರಿಡ್‌ಳ ಕೈ ಹಿಡಿದು ಎಬ್ಬಿಸಿದ. ಅವಳು ಎದ್ದ ಕೂಡಲೇ ಆ ಮಣೆಯ ಮೇಲೆ ತಾನು ಕೂತ. ಮಂಜುಶ್ರೀ ಅದನ್ನು ಅವಳಿಗೆ ತಿಳಿಸಿ ಹೇಳಿದಳು. ಇಂಗ್ರಿಡ್ ಅವನ ಹೆಗಲು ಮುಟ್ಟಿ ಬಸ್ಸಿಗೆ ಓಡಿದಳು. ಬಸ್ಸು ಬಿಟ್ಟಾಗ ಹನ್ನೆರಡೂ ಇಪ್ಪತ್ತೆರಡು.

ವಿಮಾನಕ್ಕೆ ಒಂದೂ ಕಾಲಿಗೆ ಒಳಗೆ ಬಿಡುವುದು ನಿಲ್ಲಿಸುತ್ತಾರಂತೆ. ನಾನು ಉಮೇಶನ ಫೋನು ಮಡಿಲಲ್ಲಿಟ್ಟುಕೊಂಡು ಗುಡಿಯ ಕಂಬಕ್ಕೆ ಒರಗಿ ಕೂತೆ. ಚಿಕ್ಕಬೈರಪ್ಪನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎರಡು ಇಡ್ಲಿ ತಿಂದಿದ್ದು ಬಿಟ್ಟರೆ ಏನೂ ಇಲ್ಲ. ಒಂದು ತೊಟ್ಟು ನೀರು ಕುಡಿ ಎನ್ನುವಂತೆಯೂ ಇಲ್ಲ.

ಹನ್ನೆರಡೂ ಐವತ್ತಕ್ಕೆ ಫೋನು ಬಂತು. "ದೊಡ್ಡಜ್ಜಿ, ಇನ್ನೂ ಯಲಹಂಕ ಹತ್ರಾನೇ ಇದೀವಿ. ಲಾರಿ ಅಡ್ಡ ನಿಂತಿದೆ," ಎಂದಳು ಮಂಜುಶ್ರೀ. ಹಿಂದೆ ಹಾರನ್ನುಗಳ ಸದ್ದು.

"ಏನಂತೆ?" ಎಂದ ಚಿಕ್ಕಬೈರಪ್ಪ, ತಿರುಗದೆ.

"ಲಾರಿ ಅಂತೆ."

ಒಂದೂ ಐದಕ್ಕೆ ಎಡಗಡೆಯ ಕಣಗಿಲೆ ಬಿತ್ತು. ಆ ಹೂವು ಇಂಗ್ರಿಡ್ ಕೇಳಿದ್ದಕ್ಕೆ ಬಿದ್ದದ್ದು, ವಿಮಾನಕ್ಕಲ್ಲ ಎಂದು ಗೊತ್ತಿದ್ದರೂ ಗಡಿಯಾರದ ಮುಳ್ಳನ್ನೇ ನೋಡುತ್ತಾ ಕೂತೆ. ಚಿಕ್ಕಬೈರಪ್ಪ ಇನ್ನು ಏಳಬಹುದಿತ್ತು. ಏಳಲಿಲ್ಲ.

ಒಂದೂ ಇಪ್ಪತ್ತೈದಕ್ಕೆ ಮತ್ತೆ ಫೋನು. "ಹನ್ನೊಂದು ಜನಾನೂ ಒಳಗ್ ಹೋದ್ರು. ನಮ್ದೇ ಲಾಸ್ಟು. ಗೇಟಲ್ಲಿ ಬೇಡ್ಕೊಂಡೆ ದೊಡ್ಡಜ್ಜಿ."

ನಾನು ಫೋನನ್ನು ಅವನ ಕಿವಿಗೆ ಹಿಡಿದೆ. "ಆವಮ್ಮಂಗೆ ಎಡಗಡೆ ಅಂತ ತಿಳ್ಸು," ಎಂದ.

"ಎಡಗಡೆನಾ? ತಾತ, ಬೇಜಾರ್ ಮಾಡ್ಕೋತಾರೆ. ಬಲಗಡೆ ಅಂತ ಮೆಸೇಜ್ ಹಾಕ್ಲಾ? ಹೇಗಿದ್ರೂ ಮತ್ತೆ ಬರಲ್ಲ ಅವರು."

"ನಮ್ಮನೇಲಿ ಉಂಡವ್ಳೆ ಕಣೆ. ಎಡಗಡೆ ಅಂತಾನೇ ಆಕು."

ಅವಳು ಹಾಕಿದಳು. ವಿಮಾನ ಏಳುವ ಮೊದಲೇ ಇಂಗ್ರಿಡ್‌ಳಿಂದ ಉತ್ತರ ಬಂತಂತೆ. ತಿಳಿಯಿತು, ಆ ಹಿರಿಯರು ಈಗ ಊಟ ಮಾಡಲಿ, ಇಷ್ಟೇ. ಹಡಗು ಆರಕ್ಕೆ ಹೊರಟಿತು, ಎಲ್ಲರೂ ಅದರಲ್ಲಿದ್ದರು.

ಅವಳು ಏನು ಕೇಳಿದ್ದಳೋ ನಮಗೆ ಗೊತ್ತಾಗಲಿಲ್ಲ. ಚಿಕ್ಕಬೈರಪ್ಪ ಅವತ್ತು ಅರ್ಧ ಮುದ್ದೆ ಉಂಡು ಕೈ ತೊಳೆದ. ಆಮೇಲೂ ಎಷ್ಟೋ ದಿನ, "ಒಳ್ಳೇ ಕೆಲಸಕ್ಕೇ ತಾಯಿ ಬೇಡ ಅಂದ್ಬಿಟ್ಳೋ ಏನೋ ಅತ್ಗೆ," ಎನ್ನುತ್ತಿದ್ದ.

ಮಾರ್ಚಿನಲ್ಲಿ ಇನ್ನೊಂದು ಹಡಗು ಬರುತ್ತದೆ ಎಂದು ಮಂಜುಶ್ರೀ ಹೆದರುತ್ತಲೇ ಹೇಳಿದಾಗ ಅವನು ಬೇಡವೆನ್ನಲಿಲ್ಲ. "ಬರ್ಲಿ. ಮನೆಗೆ ಆಮೇಲೆ ಕರ್ಕೊಂಡೋಗು. ಬಸ್ ಇಳೀತಿದ್ದಂಗೇ ಮೊದ್ಲು ಗುಡಿಗೆ ಕರ್ಕೊಂಬಾ," ಎಂದ.